ಕಾಲುದಾರಿಯಿಂದ ವಿಶ್ವವಿದ್ಯಾನಿಲಯಕ್ಕೆ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಯೊಂದರಲ್ಲಿ ಹುಟ್ಟಿದ ಬಾಲಕನೋ ಬಾಲಕಿಯೋ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆಯಬೇಕಾದರೆ ನಡೆಯತಕ್ಕ ರಾಜಮಾರ್ಗವು ಎಲ್ಲರಿಗೂ ತಿಳಿದದ್ದೇ: ಮೊದಲು ಎಸ್‌ಎಸ್‌ಎಲ್‌ಸಿ, ಅದರ ಮೇಲೆ ಎರಡು ವರ್ಷದ ಪಿಯುಸಿ, ಅನಂತರ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಇವುಗಳಲ್ಲಿ ಹತ್ತಿರದ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಅಂಕಗಳು ಕೈಹಿಡಿದರೆ ಸಿಇಟಿಯನ್ನು ದಾಟಿ ದೂರದ ಊರಿನ ವೃತ್ತಿಶಿಕ್ಷಣದ ಕಾಲೇಜು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆ ಈ ಮಾರ್ಗವು ಮೈಸೂರಿನವರೆಗೆ ಚಾಚಿಕೊಳ್ಳಬೇಕಾದ ಅಗತ್ಯವೂ ತಪ್ಪಿತು.

ಆದರೆ ಈ ಮಾರ್ಗವನ್ನು ಹಿಡಿಯಲಾರದವರು, ಅಥವಾ ಹಿಡಿದು ನಡುವೆ ತಪ್ಪಿಹೋದವರು, ಈ ಸೀಮೆಯಲ್ಲಿ ಅಲ್ಪಸಂಖ್ಯಾತರೇನೂ ಅಲ್ಲ. ಪಿಯುಸಿಯ ಇಂಗ್ಲಿಷಿನಲ್ಲಿ ನಾಲ್ಕು ಅಂಕಕ್ಕೆ ನಪಾಸಾಗಿ ಶಿರಾಳಕೊಪ್ಪದ ಗ್ಯಾರೇಜೊಂದನ್ನು ಸೇರಿದವನು. ಶುಂಠಿಯ ಧಾರಣೆ ನೆಲಕಚ್ಚಿದ ವರ್ಷ ಅಣ್ಣನ ಓದು ನಿಲ್ಲದಿರಲೆಂದು ತನ್ನ ಓದನ್ನು ನಿಲ್ಲಿಸಿದ ತಂಗಿ. ಬೇಗನೆ ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಅಂಗನವಾಡಿಯ ಕೆಲಸಕ್ಕೆ ಸೇರಿ, ಬಿಟ್ಟ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡ ಗೃಹಿಣಿ. ಎಸ್‌ಎಸ್‌ಎಲ್‌ಸಿ ಮುಗಿದೊಡನೆ ಬೇಗ ಸಂಪಾದನೆಯಾಗಲೆಂದು ಡಿಪ್ಲೊಮಾಕ್ಕೆ ಸೇರಿ, ಅಲ್ಲಿ ಓದಿನ ರುಚಿ ಹತ್ತಿಸಿಕೊಂಡ ಹುಡುಗ. ಇಂಥವರನ್ನು ಈ ಎರಡು ತಾಲ್ಲೂಕುಗಳ ಯಾವ ಹಳ್ಳಿಯಲ್ಲಿಯೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ವಿಶ್ವವಿದ್ಯಾನಿಲಯವನ್ನು ತಲುಪಲು ಇವರಿಗಾಗಿ ಕೆಲವು ಕಾಲುದಾರಿಗಳಿವೆ. ಆ ದಾರಿಗಳು ಯಾವುವು, ಅವುಗಳಲ್ಲಿ ನಡೆದವರು ಒಳಗೆ ಹೋದ ಮೇಲೆ ಹೇಗೆ ನಿಭಾಯಿಸುತ್ತಾರೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಇಂಥ ದಾರಿಗಳೆಲ್ಲವನ್ನೂ ಒಂದೇ ಮೊತ್ತವಾಗಿ ಕಂಡು 'ರಿಯಾಯಿತಿ' ಎಂದು ಕರೆದುಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ವಾಸ್ತವವಾಗಿ ಇವುಗಳಲ್ಲಿ ಎರಡು ಬಗೆಯುಂಟು. ವಿದ್ಯಾರ್ಥಿಯಲ್ಲಿ ಇಲ್ಲದಿರುವುದನ್ನು ಕ್ಷಮಿಸಿ ಒಳಗೆ ಬಿಟ್ಟುಕೊಳ್ಳುವ ದಾರಿ ಒಂದಾದರೆ, ಅವನಲ್ಲಿ ಇರುವುದನ್ನು, ಆದರೆ ಸಾಮಾನ್ಯ ಪರೀಕ್ಷೆಯ ಕಣ್ಣಿಗೆ ಬೀಳದೆ ಹೋದುದನ್ನು, ಗುರುತಿಸಿ ಬೆಲೆ ಕಟ್ಟುವ ದಾರಿ ಮತ್ತೊಂದು. ಎರಡನೆಯ ಬಗೆಗೆ ನಮ್ಮ ರಾಜ್ಯದಲ್ಲಿ ಇರುವ ಅತ್ಯುತ್ತಮ ನಿದರ್ಶನವು ಕೃಷಿಕರ ಮಕ್ಕಳಿಗಾಗಿ ಮೀಸಲಾದ ಸೀಟುಗಳು. ಜನರು ಸಾಮಾನ್ಯವಾಗಿ ಆಡುವ ಮಾತಿನಲ್ಲಿ 'ಕೃಷಿ ಕೋಟಾ'.

ಬಿ.ಎಸ್ಸಿ. ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ, ಪಶುವೈದ್ಯಕೀಯ ಮೊದಲಾದ ಪದವಿಗಳಲ್ಲಿ ಒಂದು ಪಾಲು ಸೀಟುಗಳನ್ನು ಕೃಷಿಕ ಕುಟುಂಬಗಳ ಮಕ್ಕಳಿಗಾಗಿ ತೆಗೆದಿರಿಸಲಾಗುತ್ತದೆ. ದೀರ್ಘಕಾಲ ಶೇ. 40ರಷ್ಟಿದ್ದ ಈ ಪಾಲನ್ನು 2021ರಲ್ಲಿ ಶೇ. 50ಕ್ಕೆ ಏರಿಸಲಾಯಿತು. ಪಹಣಿಯನ್ನೂ ಕೃಷಿಕನೆಂಬ ಪ್ರಮಾಣಪತ್ರವನ್ನೂ ಒದಗಿಸಿದ ಮಾತ್ರಕ್ಕೆ ಸೀಟು ಸಿಕ್ಕುವುದಿಲ್ಲ. ಪಿಯುಸಿಯ ಅಂಕ, ಸಿಇಟಿಯ ಅಂಕಗಳ ಜೊತೆಗೆ 200 ಅಂಕಗಳ ಪ್ರಾಯೋಗಿಕ ಪರೀಕ್ಷೆಯೊಂದನ್ನು ಅಭ್ಯರ್ಥಿಯು ಎದುರಿಸಬೇಕು. ಆ ಪರೀಕ್ಷೆಯ ವಸ್ತುವಾದರೋ ಯಾವ ಪಠ್ಯಪುಸ್ತಕದಲ್ಲಿಯೂ ಪೂರ್ಣವಾಗಿ ಸಿಕ್ಕತಕ್ಕದ್ದಲ್ಲ. ಬೀಜಗಳು, ಕಳೆಗಳು, ಗೊಬ್ಬರಗಳು, ಬೇಸಾಯದ ಉಪಕರಣಗಳು, ಬೆಳೆಯ ರೋಗ ಮತ್ತು ಕೀಟಗಳ ಗುರುತು, ಇವೆಲ್ಲವನ್ನೂ ಕಣ್ಣಿನಿಂದ ನೋಡಿ ಹೇಳಬೇಕು. ಕೂರಿಗೆಗೂ ಕುಂಟೆಗೂ ಇರುವ ಭೇದ, ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ನೂರು ಲೀಟರಿಗೆ ತಲಾ ಒಂದು ಕಿಲೋ ಎಂಬ ಲೆಕ್ಕ, ಭತ್ತದ ಗರಿಯ ಮೇಲೆ ಕಂಡ ಕದಿರಿನಾಕಾರದ ಚುಕ್ಕೆಯು ಬೆಂಕಿರೋಗದ್ದೋ ಅಲ್ಲವೋ ಎಂಬ ನಿರ್ಣಯ, ಇಂಥವು ಮಳೆಗಾಲದಲ್ಲಿ ತಂದೆಯ ಹಿಂದೆ ತೋಟಕ್ಕೆ ಹೋದವನಿಗೆ ಓದದೆಯೇ ಬಂದ ವಿದ್ಯೆ.

ಶಿರಾಳಕೊಪ್ಪದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ನನ್ನ ಮುಂದಿನ ಆಸನದಲ್ಲಿ ಒಬ್ಬ ರೈತನೂ ಅವನ ಮಗಳೂ ಕುಳಿತಿದ್ದರು. ತಂದೆಯ ತೊಡೆಯ ಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿದ ಸಣ್ಣ ಸಣ್ಣ ಗಂಟುಗಳು, ಒಂದೊಂದನ್ನೇ ಬಿಚ್ಚಿ, ನಾಲ್ಕು ಕಾಳನ್ನು ಅಂಗೈಗೆ ಹಾಕಿಕೊಂಡು, "ಇದ್ಯಾವ್ದು ಹೇಳ್ ಪುಟ್ಟಿ?" ಎನ್ನುವನು. ಹುರುಳಿ, ಹುಚ್ಚೆಳ್ಳು, ನವಣೆಗಳನ್ನು ಹುಡುಗಿ ನೋಡನೋಡುತ್ತಲೇ ಹೇಳಿದಳು. ಮುಂದಿನದಕ್ಕೆ "ಸಾಮೆ ಅಪ್ಪ" ಎಂದಳು. "ಸರೀ ನೋಡು. ಸಾಮೆ ಇಷ್ಟ್ ದಪ್ಪ ಇರ್ತದಾ? ಹಾರಕ ಇದು. ನಿಮ್ಮಜ್ಜಿ ಕಾಲ್ದಾಗೆ ನಮ್ ಮಕ್ಕಿಗದ್ದೆಲಿ ಬೆಳೀತಿದ್ರು" ಎಂದು ಅವನು ಕಾಳನ್ನು ಉಗುರಿನಿಂದ ತಿರುಗಿಸಿ ತೋರಿಸಿದನು. ಆ ಮನುಷ್ಯನು ತಾನೆಷ್ಟು ಓದಿದ್ದನೋ ಅರಿಯೆ. ವಿಶ್ವವಿದ್ಯಾನಿಲಯದ ಪ್ರವೇಶಕ್ಕೆ ಮಗಳನ್ನು ಅಣಿಗೊಳಿಸುವ ಯೋಗ್ಯತೆಯು ಅವನಿಗೆ ಲಭಿಸಿದ್ದು ಈ ಒಂದು ಪರೀಕ್ಷೆಯಿಂದ. ಭೌತಶಾಸ್ತ್ರದ ಸಿಇಟಿಗೆ ಅವನು ಹೆಚ್ಚೆಂದರೆ ಶುಲ್ಕವನ್ನು ಒದಗಿಸಬಲ್ಲವನಾಗಿದ್ದನು.

ಈ ವ್ಯವಸ್ಥೆಯಲ್ಲಿ ಲೋಪಗಳಿಲ್ಲವೆಂದಲ್ಲ. ಬೆಲೆಯುಳ್ಳ ಪರೀಕ್ಷೆಯ ಬೆನ್ನಿಗೆ ತರಬೇತಿಯ ವ್ಯಾಪಾರವು ಹತ್ತುವುದು ಲೋಕಧರ್ಮ. ಮಣ್ಣನ್ನು ಮುಟ್ಟದ ಮಕ್ಕಳೂ ಬೀಜಗಳ ಪೊಟ್ಟಣವನ್ನೂ ಚಿತ್ರಗಳ ಪುಸ್ತಕವನ್ನೂ ಕೊಂಡು ಒಂದು ವಾರದಲ್ಲಿ ರೈತರಾಗಿಬಿಡುವುದುಂಟು. ಅದಕ್ಕಿಂತ ಗಂಭೀರವಾದ ಮಾತು ಇನ್ನೊಂದಿದೆ. ಎಳೆತನದಿಂದ ಪರರ ಗದ್ದೆಯಲ್ಲಿ ಸಸಿ ನೆಟ್ಟು, ಕಳೆ ಕಿತ್ತು ಬೆಳೆದ ಕೂಲಿಕಾರನ ಮಗಳಿಗೆ ಈ ಪರೀಕ್ಷೆಯ ಪ್ರಶ್ನೆಗಳೆಲ್ಲ ಕರತಲಾಮಲಕವಾಗಿದ್ದರೂ ಪಹಣಿಯಲ್ಲಿ ತಂದೆಯ ಹೆಸರಿಲ್ಲದಿರುವುದರಿಂದ ಈ ದಾರಿಯು ಅವಳಿಗೆ ದುರ್ಗಮವಾಗಿಯೇ ಉಳಿಯುತ್ತದೆ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯ ವಿದ್ಯಾರ್ಥಿವೇತನವು, ವರ್ಷಕ್ಕೆ 2,500 ರೂಪಾಯಿಯಿಂದ 11,000 ರೂಪಾಯಿಯವರೆಗೆ, ಮೊದಲು ರೈತರ ಮಕ್ಕಳಿಗೆ ಮಾತ್ರ ಇದ್ದದ್ದು ಮುಂದೆ ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಲ್ಪಟ್ಟಿತು. ಹಣದ ವಿಷಯದಲ್ಲಿ ಸಾಧ್ಯವಾದ ಈ ವಿವೇಕವು ಸೀಟಿನ ವಿಷಯದಲ್ಲಿಯೂ ಸಾಧ್ಯವಾಗಬಾರದೇಕೆ?

ಸೀಟು ದೊರೆತ ಮೇಲೆ ಈ ಮಕ್ಕಳ ಗತಿಯೇನು? ಶಿಕಾರಿಪುರ, ಸೊರಬದವರಿಗೆ ಹತ್ತಿರದ ಕೃಷಿ ವಿದ್ಯಾಕೇಂದ್ರಗಳೆಂದರೆ ಶಿವಮೊಗ್ಗದ ನವಿಲೆಯ ಕೃಷಿ ಮಹಾವಿದ್ಯಾಲಯ, ಮತ್ತು ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. ಮೊದಲ ವರ್ಷವು ಕಠಿಣವೇ. ಹಳ್ಳಿಯ ಕನ್ನಡ ಶಾಲೆಯಿಂದ ಬಂದವನಿಗೆ ತಳಿಶಾಸ್ತ್ರ, ಜೀವರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರಗಳು ಒಂದೇ ಸಲಕ್ಕೆ ಇಂಗ್ಲಿಷಿನಲ್ಲಿ ಮೇಲೆ ಬೀಳುತ್ತವೆ. ನಗರದ ಶಾಲೆಯಿಂದ ಬಂದ ಸಹಪಾಠಿಯು ಪ್ರಶ್ನೆ ಕೇಳುವ ಧೈರ್ಯವನ್ನು ನೋಡಿಯೇ ಇವನು ಅರ್ಧ ಕುಗ್ಗಿಹೋಗುತ್ತಾನೆ. ಆದರೆ ಈ ಪದವಿಯ ರಚನೆಯಲ್ಲಿಯೇ ಒಂದು ಪರಿಹಾರವು ಅಡಗಿದೆ. ನಾಲ್ಕು ವರ್ಷದ ಕೊನೆಯ ಘಟ್ಟದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವವೆಂಬ ಕಾರ್ಯಕ್ರಮದಂತೆ ವಿದ್ಯಾರ್ಥಿಗಳು ಹಳ್ಳಿಯೊಂದರಲ್ಲಿ ತಂಗಿ, ರೈತರ ಜೊತೆಗೆ ದುಡಿದು, ತಾವು ಕಲಿತದ್ದನ್ನು ಅವರ ಹೊಲದಲ್ಲಿ ಪ್ರಯೋಗಿಸಬೇಕು. ಅಂದು ರೈತನ ಜಗಲಿಯ ಮೇಲೆ ಕುಳಿತು ಮಾತಿಗೆ ತೊಡಗುವ ಕಲೆ, ಔಷಧಿ ಹೊಡೆಯಲು ಯಾವ ಹೊತ್ತು ಸರಿಯೆಂದು ಮುಗಿಲನ್ನು ನೋಡಿ ಹೇಳುವ ಶಕ್ತಿ, ಇವು ಬೇಕಾದಾಗ ನಗರದ ಸಹಪಾಠಿಯು ಹಿಂದೆ ಸರಿದು ಇವನನ್ನು ಮುಂದೆ ಬಿಡುತ್ತಾನೆ.

ಈ ಶಕ್ತಿಯನ್ನು ಹಗುರವಾಗಿ ಎಣಿಸಬಾರದು. ಮೆಕ್ಕೆಜೋಳದ ಸುಳಿಯನ್ನು ತಿಂದುಹಾಕುವ ಫಾಲ್ ಸೈನಿಕ ಹುಳುವು ಅಮೆರಿಕದಿಂದ ಆಫ್ರಿಕಕ್ಕೆ ದಾಟಿ, ಭಾರತದಲ್ಲಿ ಮೊಟ್ಟಮೊದಲು ಗುರುತಿಸಲ್ಪಟ್ಟದ್ದು 2018ರ ಮೇ ತಿಂಗಳಲ್ಲಿ, ಇದೇ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಮೆಕ್ಕೆಜೋಳದ ತಾಕಿನಲ್ಲಿ. ಗುರುತಿಸಿದವರು ನುರಿತ ಕೀಟಶಾಸ್ತ್ರಜ್ಞರು. ಆದರೆ ಶಿಕಾರಿಪುರದ ಮೆಕ್ಕೆಜೋಳದ ಹೊಲಗಳಲ್ಲಿ ಅದನ್ನು ಪ್ರತಿದಿನ ಎದುರಿಸಬೇಕಾದವರು ರೈತರು, ಮತ್ತು ಸುಳಿಯಲ್ಲಿ ಹೊಸದೊಂದು ಹುಳು ಕಂಡಾಗ ಅದು ಹೊಸದೆಂದು ಮೊದಲು ಶಂಕಿಸಬಲ್ಲ ಕಣ್ಣು ಹಳೆಯ ಹುಳುಗಳನ್ನೆಲ್ಲ ಬಲ್ಲವನದು.

ಬೇರೆ ದಾರಿಯಿಂದ ಒಳಗೆ ಬಂದವರು ಹೇಗೆ ನಿಭಾಯಿಸುತ್ತಾರೆಂಬ ವಿಷಯದಲ್ಲಿ ಹೊರಗಿನ ಅಧ್ಯಯನಗಳು ಏಕಮುಖವಾಗಿಲ್ಲ. ದಕ್ಷಿಣ ಭಾರತದ ಇನ್ನೂರಕ್ಕೂ ಹೆಚ್ಚು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೀಸಲಾತಿಯಿಂದ ಪ್ರವೇಶ ಪಡೆದವರನ್ನು ಕುರಿತು ಸುರೇಂದ್ರಕುಮಾರ್ ಬಾಗಡೆಯವರೂ ಇಬ್ಬರು ಅಮೆರಿಕನ್ ಅರ್ಥಶಾಸ್ತ್ರಜ್ಞರೂ 2016ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಥ ಪ್ರವೇಶದಿಂದ ಆ ವಿದ್ಯಾರ್ಥಿಗಳಿಗೆ ಹಾನಿಯಾಯಿತೆಂಬುದಕ್ಕೆ ಯಾವ ಆಧಾರವೂ ಇಲ್ಲವೆಂದು ಕಂಡುಕೊಂಡಿತು. ಇಂಗ್ಲೆಂಡಿನ ಉನ್ನತ ಶಿಕ್ಷಣ ಅನುದಾನ ಮಂಡಲಿಯು 2014ರಲ್ಲಿ ತೋರಿಸಿದ ಪ್ರಕಾರ, ಪ್ರವೇಶದಲ್ಲಿ ಸಮಾನ ಅಂಕ ಪಡೆದವರ ಪೈಕಿ ಸರ್ಕಾರಿ ಶಾಲೆಗಳಿಂದ ಬಂದವರೇ ಖಾಸಗಿ ಶಾಲೆಗಳವರಿಗಿಂತ ಉತ್ತಮ ದರ್ಜೆಯ ಪದವಿಗಳನ್ನು ಪಡೆದರು. ಕಡಿಮೆ ಸೌಕರ್ಯದಲ್ಲಿ ಗಳಿಸಿದ ಅಂಕದ ಹಿಂದೆ ಹೆಚ್ಚಿನ ಕಸುವಿರುತ್ತದೆಂಬುದು ಇದರ ತಾತ್ಪರ್ಯ. ಇದಕ್ಕೆ ಪ್ರತಿಯಾಗಿ, ನಮ್ಮ ದೇಶದ ಒಂದು ಪ್ರತಿಷ್ಠಿತ ಇಂಜಿನಿಯರಿಂಗ್ ಸಂಸ್ಥೆಯ ವಿದ್ಯಾರ್ಥಿಗಳನ್ನು ಪರಿಶೀಲಿಸಿದ ವೆರೋನಿಕಾ ಫ್ರಿಸಾಂಚೊ ರೋಬ್ಲೆಸ್ ಮತ್ತು ಕಲಾ ಕೃಷ್ಣ ಎಂಬ ವಿದುಷಿಯರು, ಅತಿ ಸ್ಪರ್ಧೆಯ ವಿಭಾಗಗಳಲ್ಲಿ ಹಿಂದುಳಿದವರು ವರ್ಷ ಕಳೆದಂತೆ ಜೊತೆಗಾರರನ್ನು ಕೂಡಿಕೊಳ್ಳುವ ಬದಲು ಹಿಂದೆಯೇ ಉಳಿದರೆಂದು ಕಂಡರು. ಪ್ರವೇಶವು ಒಂದೇ ಬಗೆಯದಾಗಿದ್ದರೂ ಫಲವು ಭಿನ್ನವಾದುದರಿಂದ, ಪರಿಣಾಮವನ್ನು ನಿರ್ಧರಿಸುವುದು ಬಹುಮಟ್ಟಿಗೆ ಒಳಗೆ ಬಂದವನನ್ನು ಸಂಸ್ಥೆಯು ನಡೆಸಿಕೊಂಡ ರೀತಿಯೇ ಎಂದು ಊಹಿಸುವುದು ಅಯುಕ್ತವಾಗಲಾರದು.

ಈ ಸೀಮೆಯವರಿಗೆ ಇದು ಹೊಸ ಪಾಠವೇನಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಕಂಬವು, ಉನ್ನತ ವಿದ್ಯೆಗಾಗಿ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನ ವೃತ್ತಾಂತವನ್ನು ಹೇಳುತ್ತದೆ. ಪ್ರವೇಶಕ್ಕೆ ಅವನಿಗೆ ಅಡ್ಡಿಯಾಗಲಿಲ್ಲ. ಒಳಗೆ ಹೋದ ಮೇಲೆ ಪಲ್ಲವರ ಕುದುರೆ ಸವಾರನೊಬ್ಬನೊಡನೆ ನಡೆದ ಕಲಹದಲ್ಲಿ ಅಪಮಾನಗೊಂಡು, ಓದನ್ನು ತೊರೆದು ಖಡ್ಗವನ್ನು ಹಿಡಿದನು. ಕದಂಬ ರಾಜ್ಯವು ಲಭಿಸಿದ್ದು ನಮ್ಮ ಭಾಗ್ಯ. ಘಟಿಕೆಯ ದೃಷ್ಟಿಯಿಂದ ನೋಡಿದರೆ ಪರಸ್ಥಳದ ವಿದ್ಯಾರ್ಥಿಯೊಬ್ಬನು ನಡುವೆ ಬಿಟ್ಟುಹೋದದ್ದೇ ಸರಿ. ಅದೇ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಇದಕ್ಕೆ ಪ್ರತಿಯಾದ ಚಿತ್ರವನ್ನು ಕೊಡುತ್ತದೆ. ನಾಲ್ಕು ವೇದಗಳು, ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳು, ಬೌದ್ಧವೂ ಸೇರಿದಂತೆ ನಾನಾ ದರ್ಶನಗಳು, ಕಾವ್ಯ ನಾಟಕಗಳು ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದುವೆಂದು ಹೇಳಿದ ಉಸಿರಿನಲ್ಲಿಯೇ, ದೀನರಿಗೆ, ಅಂಗವಿಕಲರಿಗೆ, ದೂರದಿಂದ ಬಂದ ಭಿಕ್ಷುಗಳಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ಅಲ್ಲಿ ದೊರೆಯುತ್ತಿತ್ತೆಂದು ಶಾಸನಕಾರನು ಬರೆದಿದ್ದಾನೆ. ಪಾಠದ ಪಟ್ಟಿಯನ್ನೂ ಅನ್ನದ ಪಟ್ಟಿಯನ್ನೂ ಆ ಕಾಲದವರು ಬೇರೆ ಬೇರೆ ಕಡತಗಳಲ್ಲಿ ಇರಿಸಲಿಲ್ಲ.

ಡಿಪ್ಲೊಮಾದ ದಾರಿಯು ಕೃಷಿ ಕೋಟಾದ ದಾರಿಗಿಂತ ಹೆಚ್ಚು ಜನಬಳಕೆಯದು, ವಿವರಣೆಯನ್ನು ಕಡಿಮೆ ಬೇಡುವುದು. ಎಸ್‌ಎಸ್‌ಎಲ್‌ಸಿಯ ಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಓದಿ, ಪರೀಕ್ಷಾ ಪ್ರಾಧಿಕಾರವು ನಡೆಸುವ ಡಿಸಿಇಟಿಯನ್ನು ಬರೆದು, ಬಿ.ಇ. ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವುದು. ಹುಡುಗರ ಬಾಯಲ್ಲಿ 'ಲ್ಯಾಟರಲ್ ಎಂಟ್ರಿ'. ವರ್ಕ್‌ಶಾಪು, ಡ್ರಾಯಿಂಗು, ಯಂತ್ರದ ಬಳಕೆ, ಇವುಗಳಲ್ಲಿ ಡಿಪ್ಲೊಮಾದವರು ಪಿಯುಸಿಯಿಂದ ಬಂದವರಿಗಿಂತ ಪಳಗಿದವರು. ಇವರನ್ನು ಎಡವಿಸುವ ಕಲ್ಲು ಒಂದೇ, ಗಣಿತ. ಪಿಯುಸಿಯವರು ಪಿಯುಸಿಯ ಎರಡು ವರ್ಷವೂ ಬಿ.ಇ.ಯ ಮೊದಲ ವರ್ಷವೂ ಅರೆದು ಕುಡಿದ ಕಲನಶಾಸ್ತ್ರವನ್ನು ಇವರು ಮೂರನೆಯ ಸೆಮಿಸ್ಟರಿನ ಹೊಸ ಪಾಠಗಳ ನಡುವೆಯೇ ತುಂಬಿಕೊಳ್ಳಬೇಕಾಗುತ್ತದೆ. ಈ ಕೊರತೆಯನ್ನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಕಾಣದೆ ಇರಲಿಲ್ಲ. ಇವರಿಗಾಗಿಯೇ ಎರಡು ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಅದು ಬಹುಕಾಲ ಕಡ್ಡಾಯ ಮಾಡಿತ್ತು. ಆದರೆ ಪತ್ರಿಕೆಯನ್ನು ಕಡ್ಡಾಯ ಮಾಡುವುದು ಬೇರೆ, ಪಾಠವನ್ನು ಸಾವಧಾನವಾಗಿ ಹೇಳಿಕೊಡುವುದು ಬೇರೆ. ವೇಳಾಪಟ್ಟಿಯ ಕೊನೆಯ ಗಂಟೆಗೆ ತಳ್ಳಲ್ಪಟ್ಟು, ಅಂಕಪಟ್ಟಿಯ ಮೊತ್ತಕ್ಕೆ ಸೇರದ ವಿಷಯವನ್ನು ವಿದ್ಯಾರ್ಥಿಯೂ ಅಧ್ಯಾಪಕನೂ ಎಷ್ಟು ಆಸ್ಥೆಯಿಂದ ಕಂಡಾರು? ಗಣಿತದ ಈ ಒಂದು ವರ್ಷವನ್ನು ದಾಟಿದವನು ಮುಂದೆ ಯಾರಿಗೂ ಕಡಿಮೆಯಾಗುವುದಿಲ್ಲ. ದಾಟಲಾರದವನು ಬ್ಯಾಕ್‌ಲಾಗ್‌ಗಳ ಹೊರೆಯನ್ನು ಕೊನೆಯ ಸೆಮಿಸ್ಟರಿನವರೆಗೂ ಹೊರುತ್ತಾನೆ. ಎಸ್‌ಎಸ್‌ಎಲ್‌ಸಿಯ ಮೇಲೆ ಎರಡು ವರ್ಷದ ಐಟಿಐ ಮುಗಿಸಿದವರಿಗೂ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಭಾಷಾ ಪರೀಕ್ಷೆಯನ್ನು ಕಟ್ಟಿ ಹನ್ನೆರಡನೆಯ ತರಗತಿಗೆ ಸಮಾನವಾದ ಪ್ರಮಾಣಪತ್ರವನ್ನು ಪಡೆಯುವ ಅವಕಾಶವಿದೆ. ಇದನ್ನು ಅರಿತವರು ಮಾತ್ರ ಹಳ್ಳಿಗಳಲ್ಲಿ ಅತ್ಯಲ್ಪ.

ಇನ್ನು ದೂರಶಿಕ್ಷಣದ ಮಾತು. ಪ್ರಾಯ ಮೀರಿದವರಿಗೆ, ಉದ್ಯೋಗಸ್ಥರಿಗೆ, ಗೃಹಿಣಿಯರಿಗೆ ಉಳಿದ ದಾರಿ ಇದೊಂದೇ. ಒಂದಾನೊಂದು ಕಾಲದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಕಾವ, ಜಾಣ, ರತ್ನ ಪರೀಕ್ಷೆಗಳು ಕಾಲೇಜಿನ ಮೆಟ್ಟಿಲನ್ನು ಹತ್ತದವರಿಗೂ ಸಾಹಿತ್ಯವನ್ನು ಕ್ರಮಬದ್ಧವಾಗಿ ಓದುವ ನೆಪವನ್ನು ಒದಗಿಸಿದ್ದುವು. ಪದವಿಯನ್ನೇ ಮನೆಗೆ ತಲುಪಿಸುವ ಪ್ರಯತ್ನವು ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಅಂಚೆ ಶಿಕ್ಷಣವಾಗಿ ಮೊದಲಾಗಿ, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಸ್ವತಂತ್ರ ರೂಪವನ್ನು ತಾಳಿತು. ಟಿಸಿಎಚ್ ಮಾಡಿ ಹಳ್ಳಿಯ ಶಾಲೆಗೆ ಸೇರಿದ ಎಷ್ಟೋ ಮಂದಿ ಉಪಾಧ್ಯಾಯರು ಇದರಲ್ಲಿಯೇ ಬಿ.ಎ., ಎಂ.ಎ.ಗಳನ್ನು ಮುಗಿಸಿ ಪ್ರೌಢಶಾಲೆಗೆ ಬಡ್ತಿ ಪಡೆದರು. ಇವರ ಓದಿನ ಪರಿಯೇ ಬೇರೆ. ಕನ್ನಡದಲ್ಲಿ ಅಚ್ಚಾದ ಪಾಠದ ಪುಸ್ತಕಗಳನ್ನು ಅಡುಗೆಮನೆಯ ಕೆಲಸ ಮುಗಿದ ಮೇಲೆ ಬಿಡಿಸುವರು. ಅಸೈನ್‌ಮೆಂಟನ್ನು ಮಗನ ಹೋಂವರ್ಕಿನ ಜೊತೆಗೆ ಕುಳಿತು ಬರೆಯುವರು. ಪರೀಕ್ಷೆಯ ದಿನಗಳಲ್ಲಿ ಮೇಲಧಿಕಾರಿಯನ್ನು ರಜೆಗಾಗಿ ಅಂಗಲಾಚುವರು. ವಿಷಯದ ಜೊತೆ ಜೀವನಾನುಭವವನ್ನು ಕೂಡಿಸಿಕೊಂಡು ಓದುವುದರಿಂದ ಸಮಾಜಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಇವರ ಉತ್ತರಗಳಿಗೆ ಒಂದು ತೂಕವಿರುತ್ತದೆ. ಆದರೆ ನಡುವೆ ಬಿಟ್ಟುಬಿಡುವವರೂ ಇಲ್ಲಿಯೇ ಹೆಚ್ಚು. ಮುಕ್ತ ಶಿಕ್ಷಣದ ಈ ದುರ್ಬಲತೆಯು ಲಂಡನ್ನಿನಲ್ಲಿಯೂ ಒಂದೇ, ಶಿಕಾರಿಪುರದಲ್ಲಿಯೂ ಒಂದೇ.

ಈ ದಾರಿಯ ದೊಡ್ಡ ಅಪಾಯವು ಓದಿನದಲ್ಲ, ಕಾಗದದ್ದು. ಕನಿಷ್ಠ ಇಪ್ಪತ್ತೊಂದು ವರ್ಷ ವಯಸ್ಸಾದವರು ಹಿಂದಿನ ಯಾವ ಪ್ರಮಾಣಪತ್ರವೂ ಇಲ್ಲದೆ ಪ್ರವೇಶಪರೀಕ್ಷೆಯನ್ನು ಬರೆದು ದೂರಶಿಕ್ಷಣದಲ್ಲಿ ಪದವಿಗೆ ಸೇರಬಹುದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿಯ) 1985ರ ನಿಯಮವು ಉದಾರವಾಗಿ ಹೇಳಿತ್ತು. ಕೆಲವು ವಿಶ್ವವಿದ್ಯಾನಿಲಯಗಳು ಇನ್ನೂ ಮುಂದೆ ಹೋಗಿ, ಬಿ.ಎ. ಇಲ್ಲದೆಯೇ ನೇರವಾಗಿ ಎಂ.ಎ. ಕೊಟ್ಟುವು, ಅಣ್ಣಾಮಲೈ ವಿಶ್ವವಿದ್ಯಾನಿಲಯದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಅಂಥ ಪದವಿಯು ಊರ್ಜಿತವಲ್ಲವೆಂದು ತೀರ್ಪಿತ್ತಿತು. ನಮ್ಮ ಮುಕ್ತ ವಿಶ್ವವಿದ್ಯಾನಿಲಯದ ಕಥೆಯು ಇನ್ನೂ ನೋವಿನದು. 2012-13ರ ಆಚೆಗೆ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿಯು ಸಾರ್ವಜನಿಕವಾಗಿ ಪ್ರಕಟಿಸಿದ್ದು 2015ರಲ್ಲಿ. ಅಷ್ಟರಲ್ಲಿ ಅನೇಕರು ಸೇರಿ, ಶುಲ್ಕ ಕಟ್ಟಿ, ಓದುತ್ತಿದ್ದರು. ಮಾನ್ಯತೆಯು ಮರಳಿದ್ದು 2018ರಲ್ಲಿ. ಈ ನಡುವೆ ಸಿಕ್ಕಿಕೊಂಡವರು ತಾವು ಮಾಡಿದ ತಪ್ಪೇನೆಂದು ಅರಿಯದೆ, ಕೈಯಲ್ಲಿ ಅಂಕಪಟ್ಟಿಯಿದ್ದೂ ನೇಮಕಾತಿಯ ಅರ್ಜಿಯನ್ನು ತುಂಬಲಾರದೆ ಅಲೆದರು. ವಿಶ್ವವಿದ್ಯಾನಿಲಯವೂ ಆಯೋಗವೂ ತಮ್ಮ ತಮ್ಮ ವಾದವನ್ನು ನ್ಯಾಯಾಲಯದಲ್ಲಿ ಮಂಡಿಸಬಲ್ಲುವು; ಸೊರಬದ ಸಹಾಯಕ ಶಿಕ್ಷಕಿಯೊಬ್ಬಳು ಯಾರ ಮುಂದೆ ಮಂಡಿಸಬೇಕು? ಮಾನ್ಯತೆ ಪಡೆದ ದೂರಶಿಕ್ಷಣದ ಪದವಿಯು ಕಾಲೇಜಿನ ಪದವಿಗೆ ಸಮಾನವೆಂದು 2022ರ ಸೆಪ್ಟೆಂಬರಿನಲ್ಲಿ ಯುಜಿಸಿಯು ಮತ್ತೊಮ್ಮೆ ಸ್ಪಷ್ಟಪಡಿಸಿದೆಯಾದರೂ, ಈ ದಾರಿಯನ್ನು ಹಿಡಿಯುವವರು ಶುಲ್ಕ ಕಟ್ಟುವ ಮೊದಲು ತಾವು ಸೇರುವ ವರ್ಷಕ್ಕೆ, ತಾವು ಸೇರುವ ಕೋರ್ಸಿಗೆ ಮಾನ್ಯತೆ ಉಂಟೇ ಎಂಬುದನ್ನು ಯುಜಿಸಿಯ ಪಟ್ಟಿಯಲ್ಲಿ ನೋಡಿಕೊಳ್ಳುವುದು ಅವಶ್ಯ.

2023ರ ಜೂನಿನಿಂದ ಶಕ್ತಿ ಯೋಜನೆಯಂತೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣ ಉಳಿಯಿತು. ಸಂಪರ್ಕ ತರಗತಿಗೋ ಪರೀಕ್ಷೆಗೋ ಆನವಟ್ಟಿಯ ಕಡೆಯಿಂದ ಶಿವಮೊಗ್ಗಕ್ಕೆ ಹೋಗಬೇಕಾದವಳಿಗೆ ಇದು ಸಣ್ಣ ಉಪಕಾರವಲ್ಲ. ಆದರೆ ಅವಳ ಇಡೀ ಭಾನುವಾರವೂ ಅಂದಿನ ಕೂಲಿಯೂ ಪ್ರಯಾಣದಲ್ಲಿಯೇ ಕಳೆಯುವುದು ತಪ್ಪಿಲ್ಲ. ಎರಡೂ ತಾಲ್ಲೂಕುಗಳಲ್ಲಿ ನಾಲ್ಕು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಕಟ್ಟಡಗಳಿವೆ, ಭಾನುವಾರ ಅವುಗಳಿಗೆ ಬೀಗ. ಡಿಪ್ಲೊಮಾದ ಹುಡುಗರಿಗೆ ಬೇಸಿಗೆಯ ಎರಡು ತಿಂಗಳ ಗಣಿತ, ಕೃಷಿ ಕಾಲೇಜಿಗೆ ಹೊರಟವರಿಗೆ ಇಂಗ್ಲಿಷಿನ ಪೂರ್ವಸಿದ್ಧತೆ, ಮುಕ್ತ ವಿಶ್ವವಿದ್ಯಾನಿಲಯದವರಿಗೆ ತಿಂಗಳಿಗೆರಡು ಸಲದ ಪಾಠ, ಇವನ್ನು ನಡೆಸಲು ಹೊಸ ಕಟ್ಟಡವೂ ಬೇಡ, ಹೊಸ ಕಾಯಿದೆಯೂ ಬೇಡ. ಗೌರವಧನಕ್ಕೆ ಒಪ್ಪುವ ನಾಲ್ಕಾರು ಮಂದಿ ಅಧ್ಯಾಪಕರೂ ಬೀಗದ ಕೈಯನ್ನು ಕೊಡಲು ಒಪ್ಪುವ ಪ್ರಾಂಶುಪಾಲರೂ ಇದ್ದರೆ ಬರುವ ಬೇಸಿಗೆಯಲ್ಲಿಯೇ ಆರಂಭಿಸಬಹುದು.